ರಾಕೆಟ್ಟಿನ ಬೆನ್ನ ಮೇಲಿನ ಗೆರೆ

ನಮ್ಮ ಮನೆ ಯಶವಂತಪುರದ ರೈಲು ಹಳಿಗೆ ಹತ್ತಿರವಿತ್ತು. ಗೂಡ್ಸ್ ಗಾಡಿ ಹೋಗುವಾಗ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಗಾಡಿ ದಾಟುವವರೆಗೆ ಅಕ್ಕ ಸೂಜಿಗೆ ದಾರ ಪೋಣಿಸುತ್ತಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಮನೆಯಲ್ಲಿದ್ದವರು ನಾವಿಬ್ಬರೇ. ನಾನು ಒಂದು ದಿನಪತ್ರಿಕೆಯ ವರದಿಗಾರ; ಅಗತ್ಯ ಬಿದ್ದಾಗ ಕ್ಯಾಮೆರಾವನ್ನೂ ನಾನೇ ಹಿಡಿಯುತ್ತಿದ್ದೆ. ಅಕ್ಕ ನನಗಿಂತ ಬಹಳ ದೊಡ್ಡವಳು. ಹತ್ತಿರದ ಕೈಗಾರಿಕಾ ಬಡಾವಣೆಯ ಸಣ್ಣ ವರ್ಕ್‌ಶಾಪೊಂದರಲ್ಲಿ ಅವಳು ತಂತಿ ಕಟ್ಟುವ ಕೆಲಸ ಮಾಡುತ್ತಿದ್ದಳು.

ತಂತಿ ಕಟ್ಟುವುದೆಂದರೆ ಹೆಚ್ಚುಕಡಿಮೆ ಹೂ ಕಟ್ಟಿದ ಹಾಗೆಯೇ. ಬಣ್ಣಬಣ್ಣದ ಸಣ್ಣ ವಿದ್ಯುತ್ ತಂತಿಗಳನ್ನು ಹಲಗೆಯ ಮೇಲೆ ಒಟ್ಟಿಗೆ ಮಲಗಿಸಿ, ಮೇಣ ಸವರಿದ ದಾರದಿಂದ ಬೆರಳಗಲಕ್ಕೊಂದು ಗಂಟು ಹಾಕುತ್ತ ಹೋಗಬೇಕು. ಒಂದು ಗಂಟು ಸಡಿಲಾದರೂ ಕಟ್ಟು ವಾಪಸು ಬರುತ್ತಿತ್ತು. ಆ ಕೆಲಸಕ್ಕೆ ಹೆಂಗಸರನ್ನೇ ತೆಗೆದುಕೊಳ್ಳುತ್ತಿದ್ದರು. ಮಲ್ಲಿಗೆ ಕಟ್ಟಿ ಪಳಗಿದ ಕೈ ಬೇಕು ಎನ್ನುತ್ತಿದ್ದರು. ದಿನವಿಡೀ ಗಂಟು ಹಾಕಿ ಬಂದ ಅಕ್ಕ ಮನೆಯಲ್ಲಿ ಹೂ ಕಟ್ಟುವುದನ್ನು ಬಿಟ್ಟೇಬಿಟ್ಟಿದ್ದಳು. ಮಾರ್ಕೆಟ್ಟಿನಲ್ಲಿ ಕಟ್ಟಿದ ಹೂ ಕೊಂಡು, ಅದರ ಗಂಟುಗಳನ್ನು ದಾರಿಯುದ್ದಕ್ಕೂ ಬೈದುಕೊಂಡು ಬರುತ್ತಿದ್ದಳು.

ಆ ಕಟ್ಟುಗಳು ಎಲ್ಲಿಗೆ ಹೋಗುತ್ತವೆಂದು ಆ ಹೆಂಗಸರಿಗೆ ಯಾರೂ ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ರಾಕೆಟ್ಟಿನ ಹೊರಮೈಯಲ್ಲಿ ಮೇಲಿಂದ ಕೆಳಕ್ಕೆ ಬೆನ್ನುಮೂಳೆಯಂತೆ ಒಂದು ಉಬ್ಬುಗೆರೆ ಇರುತ್ತದೆ. ಅದು ತಂತಿಗಳ ಮೇಲಿನ ಮುಚ್ಚಳ. ಅಕ್ಕನ ಗಂಟುಗಳು ಅದರ ಕೆಳಗೆ ಇರುತ್ತಿದ್ದವು.

ಹಿಂದಿನ ದಸರಾ ಹೊತ್ತಿಗೆ ಅವಳ ಕಣ್ಣು ಮಂಜಾಗತೊಡಗಿತ್ತು. ಮೇಸ್ತ್ರಿ ಅವಳನ್ನು ಪ್ಯಾಕಿಂಗ್ ಮೇಜಿಗೆ ಹಾಕಿದ. ಅದಕ್ಕೆ ಮುಂಚೆ ಕಟ್ಟಿದ್ದೇ ಅವಳ ಕೊನೆಯ ಕಟ್ಟು. ಅದು ಮುಂದೆ ಹಾರುವ ರಾಕೆಟ್ಟಿಗೇ ಹೋಗಿದೆಯೆಂದು ಅವಳ ಲೆಕ್ಕ. ಬೇಸಿಗೆಯಲ್ಲಿ ಶ್ರೀಹರಿಕೋಟೆಯಿಂದ ರಾಕೆಟ್ ಹಾರುತ್ತದೆ, ವರದಿಗೆ ನಾನು ಹೋಗಬೇಕು ಎಂದು ಗೊತ್ತಾದ ದಿನ ಅಕ್ಕ ಅನ್ನ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು.

"ನಿನ್ ಫೋಟೋದಲ್ಲಿ ನಮ್ ಗೆರೆ ಕಾಣ್ಸತ್ತಾ?"

"ಬಹಳ ದೂರ ನಿಲ್ಲಿಸ್ತಾರೆ ಅಕ್ಕ. ಕಷ್ಟ."

"ಕಷ್ಟ ಅಂದ್ರೆ ಆಗತ್ತೋ, ಆಗಲ್ವೋ? ಪೇಪರ್‌ನೋರು ಯಾವಾಗ್ಲೂ ಹಿಂಗೇ ಬರೀತೀರ." ಸಾರು ಬಡಿಸಿ, ಆಮೇಲೆ ಮೆಲ್ಲಗೆ ಹೇಳಿದಳು: "ಇಷ್ಟು ವರ್ಷ ಕಟ್ಟಿದ್ದು ಒಂದ್ಸಲಾನೂ ನೋಡಿಲ್ಲ ಕಣೋ. ಕಣ್ಣಿರೋವಾಗ್ಲೇ ನೋಡ್ಬೇಕು."

ಕಚೇರಿಯಲ್ಲಿ ಸುದ್ದಿ ಸಂಪಾದಕರಿಗೆ ನನ್ನ ಫೋಟೋದ ಬಗ್ಗೆ ಅಂಥ ನಿರೀಕ್ಷೆಯೇನೂ ಇರಲಿಲ್ಲ. "ಸುದ್ದಿ ಏಜೆನ್ಸಿ ಫೋಟೋ ಬಂದೇ ಬರತ್ತೆ. ನೀವು ಕಾಪಿ ಸರಿಯಾಗಿ ಕೊಡಿ, ಚಿತ್ರ ನಿಮ್ಮಿಷ್ಟ" ಎಂದರು. ಹೀಗಾಗಿ ಯಾವ ಮಸೂರ ಒಯ್ಯಬೇಕೆಂಬುದು ನನ್ನ ಮತ್ತು ಅಕ್ಕನ ನಡುವಿನ ವಿಷಯವಾಗಿ ಉಳಿಯಿತು.

ಮಸೂರಗಳಿದ್ದದ್ದು ಆರ್.ಟಿ. ನಗರದಲ್ಲಿ ಸ್ಟುಡಿಯೋ ಇಟ್ಟಿದ್ದ ಗೆಳೆಯರೊಬ್ಬರ ಬಳಿ. ಮದುವೆಗಳ ಫೋಟೋ ತೆಗೆಯುತ್ತಿದ್ದ ಸಾಹೇಬರು. ಒಳಗೆ ಹೆಂಡತಿಯೊಡನೆ ದಖನಿಯಲ್ಲಿ, ಹೊರಗೆ ನಮ್ಮೊಡನೆ ಕನ್ನಡದಲ್ಲಿ, ಎರಡರಲ್ಲೂ ಒಂದೇ ವೇಗದಲ್ಲಿ ಮಾತಾಡುತ್ತಿದ್ದರು. ದುಬೈಯಲ್ಲಿದ್ದ ಅವರ ಭಾವಮೈದುನ ಒಂದು ಜೂಮ್ ತಂದುಕೊಟ್ಟಿದ್ದ. ಉಂಗುರ ಎಳೆದರೆ ದೂರದ್ದು ಹತ್ತಿರ, ತಳ್ಳಿದರೆ ಮತ್ತೆ ದೂರ. ಇನ್ನೊಂದು, ಯಾರೋ ಮಾರಿಹೋದ ನೀಳ ಮಸೂರ. ಜೂಮಿಗಿಂತ ಎರಡು ಪಟ್ಟು ದೂರ ನೋಡುತ್ತಿತ್ತು, ಆದರೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತಿರಲಿಲ್ಲ. ಅದನ್ನು ಅವರು ಪೈಪ್ ಎನ್ನುತ್ತಿದ್ದರು. ಯಾವುದಕ್ಕೆ ಜೋಡಿಸಿದರೂ ಅದರ ದೃಷ್ಟಿಯನ್ನು ದುಪ್ಪಟ್ಟು ಮಾಡುವ ಡಬ್ಲರ್ ಎಂಬ ಗಾಜಿನ ಬಿಲ್ಲೆಯೂ ಇತ್ತು.

"ಜೂಮ್ ತಗೊಂಡ್ ಹೋಗಿ ಸಾರ್," ಎಂದರು. "ರಾಕೆಟ್ ಓಡತ್ತೆ. ಜೂಮಲ್ಲಾದ್ರೆ ನೀವು ಹಿಂದಕ್ ಸರ್ಕೊಂಡು ಹಿಡೀಬಹುದು. ಪೈಪಲ್ಲಿ ಒಂದ್ಸಲ ಕೈ ಬಿಡ್ತು ಅಂದ್ರೆ ಬರೀ ಆಕಾಶ."

"ನೀವು ಪೈಪ್ ಯಾವತ್ತಾದ್ರೂ ಉಪಯೋಗಿಸಿದ್ದೀರಾ?"

"ಒಂದ್ ಮದ್ವೇಲಿ. ಮದುಮಗನ ಮೂಗಿನ್ ಕೂದ್ಲು ಬಂತು, ಮದುಮಗ ಬರ್ಲಿಲ್ಲ. ಮಾವ ಇವತ್ತಿಗೂ ನನ್ ಹತ್ರ ಮಾತಾಡಲ್ಲ."

ಎರಡನ್ನೂ, ಜೊತೆಗೆ ಡಬ್ಲರನ್ನೂ ಚೀಲದಲ್ಲಿ ಹಾಕಿಕೊಟ್ಟರು.

ನಮ್ಮ ತಾರಸಿಯಿಂದ ತುಮಕೂರು ರಸ್ತೆಯ ಕಡೆ ನೋಡಿದರೆ, ದೂರದಲ್ಲಿ ಹೆಂಚಿನ ಕಾರ್ಖಾನೆಯೊಂದರ ಚಿಮಣಿ ಕಾಣುತ್ತಿತ್ತು. ಸಿಡಿಲು ತಡೆಯುವ ತಾಮ್ರದ ಪಟ್ಟಿಯೊಂದು ಅದರ ತುದಿಯಿಂದ ನೆಲದವರೆಗೆ ಇಳಿದಿತ್ತು. ಎತ್ತರದ ದುಂಡು ಮೈ, ಅದರ ಮೇಲೊಂದು ಗೆರೆ. ನಮಗೆ ಬೇಕಾದದ್ದು ಅದೇ. ಬೆಳಗಾಗುತ್ತಿದ್ದಂತೆ ಕ್ಯಾಮೆರಾ ಸ್ಟ್ಯಾಂಡ್ ಹೊತ್ತು ತಾರಸಿಗೆ ಹೋಗುತ್ತಿದ್ದೆ. ಅಕ್ಕ ಕಾಫಿ ಹಿಡಿದು ಹಿಂದೆ ಬರುತ್ತಿದ್ದಳು.

ಆ ಬೆಳಗುಗಳು ಈಗಲೂ ನನ್ನೊಳಗೆ ಇನ್ನೂ ತೊಳೆಯದ ಫಿಲ್ಮಿನಂತೆ ಉಳಿದಿವೆ. ತಂಪು ಗಾಳಿ. ಬೂದುಬಣ್ಣದ ಮನೆಗಳ ಸಾಲು, ತೆಂಗಿನ ತಲೆಗಳು, ಎಲ್ಲೋ ಶಂಟಿಂಗ್ ಎಂಜಿನ್ನಿನ ಉಸಿರು. ಪೈಪಿಗೆ ಡಬ್ಲರ್ ಸಿಕ್ಕಿಸಿ ಕಣ್ಣಿಟ್ಟರೆ ಮೊದಲು ಬರೀ ಹಾಲಿನಂಥ ಬೆಳಕು. ಉಂಗುರ ತಿರುಗಿಸುತ್ತ ಹೋದಂತೆ ಆ ಬೆಳಕಿನೊಳಗಿಂದ ಚಿಮಣಿ ತಾನಾಗಿ ಮೂಡಿ ಬರುತ್ತಿತ್ತು, ಇಷ್ಟು ಹೊತ್ತು ಅಲ್ಲೇ ನಿಂತು ನಮ್ಮನ್ನೇ ನೋಡುತ್ತಿದ್ದಂತೆ. ಗೂಡ್ಸ್ ಗಾಡಿ ಬಂದರೆ ತಾರಸಿ ಅದುರಿ, ಚಿಮಣಿ ಕರಗಿಹೋಗುತ್ತಿತ್ತು. ಗಾಡಿ ದಾಟುವವರೆಗೆ ಇಬ್ಬರೂ ಕಾಫಿ ಕುಡಿಯುತ್ತಿದ್ದೆವು.

ಸಾಹೇಬರ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕಿ ತಂದೆ. ಜೂಮಿನ ಚಿತ್ರದಲ್ಲಿ ಚಿಮಣಿ ಇತ್ತು, ಗೆರೆ ಇರಲಿಲ್ಲ. ಪೈಪಿನ ಚಿತ್ರದಲ್ಲಿ ಪಟ್ಟಿ ಕೂದಲೆಳೆಯಂತೆ, ಆದರೆ ತುದಿಯಿಂದ ಬುಡದವರೆಗೆ ನೇರವಾಗಿ ಕಾಣುತ್ತಿತ್ತು. ಅಕ್ಕ ಕನ್ನಡಕ ತೆಗೆದು, ಕಾಗದವನ್ನು ಮೂಗಿನ ತನಕ ತಂದು ನೋಡಿದಳು. ಉಗುರಿನಿಂದ ಗೆರೆಯುದ್ದಕ್ಕೂ ಇಳಿದಳು.

"ಇದನ್ನೇ ತಗೊಂಡ್ ಹೋಗು," ಎಂದಳು.

ಕ್ಯಾಮೆರಾ ಒಂದೇ. ಹಾರುವ ಹೊತ್ತಿಗೆ ಮಸೂರ ಬದಲಿಸಲು ಸಮಯವಿರುವುದಿಲ್ಲ. ಪೈಪ್ ಎಂದರೆ ಪೈಪ್. ಜೂಮನ್ನು ಹೊರಡುವ ಮುನ್ನ ಸಾಹೇಬರಿಗೆ ವಾಪಸು ಕೊಟ್ಟೆ. ಅವರು ಅದನ್ನು ತೆಗೆದುಕೊಂಡು, ನನ್ನ ಮುಖ ನೋಡಿ, ಕಪಾಟಿನಲ್ಲಿಟ್ಟರು.

ಶ್ರೀಹರಿಕೋಟೆಯಲ್ಲಿ ನಮ್ಮನ್ನು ನಿಲ್ಲಿಸಿದ ಜಾಗದಿಂದ ರಾಕೆಟ್, ನೆಟ್ಟ ಬಿಳಿ ಕಡ್ಡಿಯಂತೆ ಕಾಣುತ್ತಿತ್ತು. ಬಿಸಿಲು ಏರಿತ್ತು. ಸಮುದ್ರದ ಗಾಳಿಗೆ ಅಂಗಿ ಮೈಗಂಟಿತ್ತು. ಪೈಪಿನಲ್ಲಿ ಕಣ್ಣಿಟ್ಟು ಉಂಗುರ ತಿರುಗಿಸಿದೆ. ಹಾಲಿನಂಥ ಬೆಳಕಿನಿಂದ ರಾಕೆಟ್ ಮೂಡಿತು, ಆದರೆ ಪೂರ್ತಿ ಮೂಡಲಿಲ್ಲ. ಹರಿಯುವ ನೀರಿನ ತಳದಲ್ಲಿ ಇಟ್ಟಂತೆ ಬಳುಕುತ್ತಿತ್ತು. ಸ್ಟ್ಯಾಂಡ್ ಭದ್ರವಾಗಿತ್ತು, ಇಲ್ಲಿ ಗೂಡ್ಸ್ ಗಾಡಿಯೂ ಇರಲಿಲ್ಲ. ಕಾದ ನೆಲದಿಂದ ಏಳುತ್ತಿದ್ದ ಝಳವದು. ಮಸೂರ ಎಷ್ಟು ಬಲವೋ ಝಳವನ್ನೂ ಅಷ್ಟೇ ದೊಡ್ಡದು ಮಾಡುತ್ತಿತ್ತು. ನಾವು ಮಸೂರವನ್ನು ಪರೀಕ್ಷಿಸಿದ್ದೆವು, ಸ್ಟ್ಯಾಂಡನ್ನು ಪರೀಕ್ಷಿಸಿದ್ದೆವು. ಬೆಂಗಳೂರಿನ ಬೆಳಗಿನ ಗಾಳಿಯಲ್ಲಿ ಬೆಳೆದವರಿಗೆ, ನಡುವೆ ಇರುವ ಗಾಳಿಯೂ ಒಂದು ವಸ್ತುವೆಂದು ಹೊಳೆದಿರಲಿಲ್ಲ.

ಬುಡದಲ್ಲಿ ಬೆಂಕಿ ಕಂಡಿತು. ಸದ್ದಿಲ್ಲ. ಬಟನ್ ಒತ್ತಿದೆ, ಫಿಲ್ಮ್ ತಿರುಗಿಸಿದೆ, ಮತ್ತೆ ಒತ್ತಿದೆ. ಅಷ್ಟರಲ್ಲಿ ಚೌಕಟ್ಟಿನಲ್ಲಿ ಬರೀ ಆಕಾಶ. ಹುಡುಕಲಿಲ್ಲ. ತಲೆಯೆತ್ತಿ ಬರಿಗಣ್ಣಿನಲ್ಲಿ ನೋಡಿದೆ. ಹೊಗೆಯ ದಾರವೊಂದು ತಾನೇ ತನ್ನನ್ನು ನೂಲುತ್ತ ಮೇಲೇರುತ್ತಿತ್ತು. ಎಲ್ಲವೂ ಮುಗಿದಂತೆ ಅನಿಸಿದಾಗ ಸದ್ದು ಬಂದು ಎದೆಗೆ ತಾಗಿತು.

ರಾಕೆಟ್ ತನ್ನ ಕೆಲಸ ಮಾಡಿತು. ಸುದ್ದಿ ಕಳಿಸಿದೆ. ಮರುದಿನ ಮುಖಪುಟದಲ್ಲಿ ಏಜೆನ್ಸಿಯ ಚಿತ್ರವಿತ್ತು, ಹೊಗೆಯೂ ಬೆಂಕಿಯೂ ಚೆನ್ನಾಗಿ ಬಂದಿದ್ದವು.

ನನ್ನ ಚಿತ್ರವನ್ನು ಸಾಹೇಬರ ಡಾರ್ಕ್‌ರೂಮಿನ ಕೆಂಪು ದೀಪದಡಿ ತೊಳೆದೆವು. ತಟ್ಟೆಯ ರಾಸಾಯನಿಕದಲ್ಲಿ ರಾಕೆಟ್ಟಿನ ಕಂಬ ನಿಧಾನವಾಗಿ ಕಪ್ಪುಬಿಳಿಯಾಗಿ ಮೂಡಿತು. ಅಂಚುಗಳು ಅಲೆಅಲೆ. ಗೆರೆ ಇಲ್ಲ. ಸಾಹೇಬರು ಒದ್ದೆ ಕಾಗದವನ್ನು ಎತ್ತಿ ಹಿಡಿದರು. ಫೋಟೋಗಳಲ್ಲಿ ಮದುವೆ ಹೆಣ್ಣುಗಳ ಹುಬ್ಬು ತಿದ್ದುವ ಪೆನ್ಸಿಲ್ಲು ಅವರ ಕಿವಿಯ ಮೇಲೇ ಇತ್ತು.

"ಒಂದ್ ಗೆರೆ ತಾನೆ ಸಾರ್? ಒಣಗ್ಲಿ, ಎಳ್ದ್ ಕೊಡ್ತೀನಿ. ಅಕ್ಕೋರ ಕಣ್ಣಿಗೆ ಗೊತ್ತಾಗಲ್ಲ."

"ಬೇಡ."

"ಪೇಪರ್‌ಗಲ್ವಲ್ಲ ಇದು. ಮನೇಗೆ."

"ಮನೇಗೇ ಸಾಹೇಬ್ರೆ. ಬೇಡ."

ಅವರು ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡರು. "ನಿಮ್ ಮದ್ವೆಗೆ ನಾನ್ ಬರಲ್ಲ, ಇದ್ದಂಗೇ ತೆಗೀಬೇಕಾಗತ್ತೆ," ಎಂದು ಕಾಗದವನ್ನು ಕ್ಲಿಪ್ಪಿಗೆ ಸಿಕ್ಕಿಸಿದರು.

ಸಂಜೆ ಅಕ್ಕ ಕಿಟಕಿಯ ಬಳಿ ಕೂತು ಅದನ್ನು ನೋಡಿದಳು. ಕನ್ನಡಕ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಕಾಗದದ ಮೇಲೆ ಅವಳ ಉಗುರು ಗೆರೆ ಹುಡುಕುತ್ತ ಇಳಿಯಿತು, ಹತ್ತಿತು, ನಿಂತಿತು.

"ಕಾಣ್ತಿಲ್ಲ ಅಲ್ವಾ?"

"ಇಲ್ಲ ಅಕ್ಕ."

"ನನ್ ಕಣ್ಣೋ, ಫೋಟೋನೋ?"

"ಫೋಟೋನೇ. ನನಗೂ ಕಾಣಲ್ಲ."

ಅವಳು ಉಸಿರು ಬಿಟ್ಟಳು. ಅದು ನಿರಾಸೆಯೋ ಸಮಾಧಾನವೋ ನನಗೆ ತಿಳಿಯಲಿಲ್ಲ. ಆಮೇಲೆ ಆ ಅಲೆಅಲೆ ಅಂಚನ್ನು ತೋರಿಸಿ, "ಇದೆಷ್ಟು ನಡುಗ್ತಾ ಇದೆ ನೋಡು," ಎಂದಳು.

"ಅದು ರಾಕೆಟ್ ನಡುಗಿದ್ದಲ್ಲ. ಬಿಸಿಲಿನ ಝಳ. ನಡುವೆ ಇದ್ದ ಗಾಳಿ ಅಲ್ಲಾಡಿದ್ದು."

"ಗಾಳಿ ಸರಿ. ಒಳಗೆ ಇದಕ್ಕಿಂತ ಜಾಸ್ತಿ ನಡುಗಿರತ್ತೆ. ನಮ್ ಹತ್ರ ಗಂಟು ಹಾಕ್ಸೋದು ಅದಕ್ಕೇ ಕಣೋ. ಒಂದು ಬಿಚ್ಚಿದ್ರೂ ತಂತಿ ಉಜ್ಜಿ ಕಿತ್ಕೊಳತ್ತೆ ಅಂತ ಮೇಸ್ತ್ರಿ ದಿನಾ ಬೈಯೋನು." ಫೋಟೋವನ್ನು ಮಡಿಲಲ್ಲಿಟ್ಟು ಕೇಳಿದಳು: "ಹೋಯ್ತಲ್ಲ, ಮೇಲಕ್ಕೆ? ನೀನು ನೋಡ್ದೆ ತಾನೆ?"

"ನೋಡ್ದೆ. ಕಾಣೋ ತನಕ ನೋಡ್ದೆ."

"ಸರಿ ಹಾಗಾದ್ರೆ."

ಚಿಮಣಿಯ ಚಿತ್ರವನ್ನೂ ತಂದು, ಎರಡನ್ನೂ ಒಂದರ ಮೇಲೊಂದು ಇಟ್ಟು, ಸೀರೆಗಳ ಕೆಳಗೆ ಟ್ರಂಕಿನಲ್ಲಿ ಇಟ್ಟಳು.

ಆ ವಾರದಲ್ಲೊಂದು ಸಂಜೆ ಕಚೇರಿಯಿಂದ ಬೇಗ ಬಂದೆ. ಅಕ್ಕ ಬಾಗಿಲ ಬೆಳಕಿಗೆ ಕೂತು, ಮಡಿಲಲ್ಲಿ ಬಿಡಿ ಮಲ್ಲಿಗೆ ಹಾಕಿಕೊಂಡು ಕಟ್ಟುತ್ತಿದ್ದಳು. ನೋಡದೆಯೇ ಕಟ್ಟುತ್ತಿದ್ದಳು, ಮುಖ ಬೀದಿಯ ಕಡೆಗಿತ್ತು. ಮುಗಿದಷ್ಟು ಮಾಲೆಯನ್ನು ಕಿಟಕಿಯ ಸರಳಿಗೆ ಇಳಿಬಿಟ್ಟಿದ್ದಳು. ಗೂಡ್ಸ್ ಗಾಡಿ ಬಂತು. ಲೋಟಗಳು ಸದ್ದು ಮಾಡಿದವು, ಬಾಗಿಲು ಅದುರಿತು, ಮಾಲೆ ಸರಳಿಗೆ ಬಡಿಯುತ್ತ ತೂಗಿತು. ಕೊನೆಯ ಬೋಗಿ ದಾಟುವವರೆಗೆ ಅವಳ ಕೈ ನಿಲ್ಲಲಿಲ್ಲ. ನಾನು ಕಿಟಕಿಯ ಕೆಳಗೆ ನೆಲ ನೋಡಿದೆ. ಒಂದು ಮೊಗ್ಗೂ ಬಿದ್ದಿರಲಿಲ್ಲ.