ರದ್ದು ಸಾರ್

ಅವರ ಬಲಗಿವಿಯ ಸಂದಿಯಲ್ಲಿ ಕೆಂಪು ಪೆನ್ಸಿಲು, ಎಡಗಿವಿಯ ಸಂದಿಯಲ್ಲಿ ನೀಲಿ ಪೆನ್ಸಿಲು. ಎರಡೂ ಕಡೆ ಪೆನ್ಸಿಲು ಕೂತಿದ್ದರಿಂದ ಕನ್ನಡಕದ ಕಡ್ಡಿಗೆ ಜಾಗವಿಲ್ಲದೆ ಅದು ಸದಾ ಮೂಗಿನ ತುದಿಗೆ ಜಾರಿರುತ್ತಿತ್ತು. ಅದರ ಮೇಲಿಂದ ಅವರು ನಮ್ಮನ್ನು ನೋಡಿದರೆ, ನಾವು ಆಗತಾನೆ ಏನನ್ನೋ ಹಾಳುಮಾಡಿ ಬಂದಿದ್ದೇವೆ ಎಂದು ನಮಗೇ ಅನ್ನಿಸುತ್ತಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಮಡಿಕೇರಿಯ ಒಂದು ರಸ್ತೆ ಕೆಲಸದ ಕಚೇರಿಗೆ ಟ್ರೇಸರ್ ಆಗಿ ಸೇರಿದೆ. ಎಂಜಿನಿಯರು ಒಪ್ಪಿದ ನಕ್ಷೆಯನ್ನು ಮೇಣ ಹಚ್ಚಿದಂತಿರುವ ತೆಳು ಬಟ್ಟೆಯ ಮೇಲೆ ಶಾಯಿಯಲ್ಲಿ ಎತ್ತಿಕೊಳ್ಳುವುದು ನನ್ನ ಕೆಲಸ. ಅವರು ನಮ್ಮ ಹೆಡ್ ಡ್ರಾಫ್ಟ್ಸ್‌ಮನ್; ಭಾಗಮಂಡಲದ ಕಡೆಯ ಅರೆಭಾಷೆ ಗೌಡರು, ‘ಉಂಟು’ ಎನ್ನುವಲ್ಲಿ ‘ಉಟ್ಟು’ ಎನ್ನುವವರು. ಎದುರಿಗೆ ‘ಸಾರ್’, ಬೆನ್ನ ಹಿಂದೆ ‘ರದ್ದು ಸಾರ್’. ಹಳೆಯ ನಕ್ಷೆಗಳ ಮೇಲೆ ‘ರದ್ದು’ ಎಂದು ಒತ್ತುವ ರಬ್ಬರ್ ಮೊಹರನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

ಒಂದೊಂದು ನಕ್ಷೆಯೂ ನೆಲದ ಮೇಲೆ ಹಾಸಿದರೆ ಇಬ್ಬರು ಮಲಗಬಹುದಾದಷ್ಟು ದೊಡ್ಡದು. ಮೊದಲೆಲ್ಲ ಅದರ ಪ್ರತಿ ಮಡಿಕೇರಿಯಲ್ಲೇ ಇದ್ದರೆ ಸಾಕಿತ್ತು. ರಾಜ್ಯ ದೊಡ್ಡದಾದ ಮೇಲೆ ಮೈಸೂರಿಗೊಂದು, ಕುಶಾಲನಗರಕ್ಕೊಂದು, ಕೆಲಸ ನಡೆಯುವ ಚೆಟ್ಟಳ್ಳಿಯ ಕ್ಯಾಂಪಿಗೊಂದು. ಎಲ್ಲರ ಕೈಯಲ್ಲೂ ನಕ್ಷೆ, ಎಲ್ಲರ ಕೈಯಲ್ಲೂ ಪೆನ್ಸಿಲು. ಒಬ್ಬರು ಮೋರಿಯನ್ನು ಅತ್ತ ಸರಿಸಿ ಗೆರೆ ಎಳೆದರೆ ಇನ್ನೊಬ್ಬರು ಇತ್ತ. ಸಾರ್ ಬಂದ ಮೇಲೆ ಅದೆಲ್ಲ ನಿಂತಿತಂತೆ. ಪ್ರತಿಯ ಮೇಲೆ ಯಾರೂ ಗೆರೆ ಎಳೆಯುವಂತಿಲ್ಲ. ತಿದ್ದಬೇಕಾದ್ದನ್ನು ಅವರಿಗೆ ತಿಳಿಸಬೇಕು. ಅವರು ಮೂಲದ ಬಟ್ಟೆಯ ಮೇಲೆ ಬ್ಲೇಡಿನಿಂದ ಕೆರೆದು ತಿದ್ದಿ, ಮೂಲೆಯಲ್ಲಿದ್ದ ತಿದ್ದುಪಡಿಯ ಗುರುತು ‘ಅ’ವನ್ನು ‘ಆ’ ಮಾಡಿ, ಎಲ್ಲ ಊರಿಗೂ ಹೊಸ ನೀಲಿ ಪ್ರತಿ, ಅಂದರೆ ಬ್ಲೂಪ್ರಿಂಟ್, ತೆಗೆಸಬೇಕು. ಹಳೆಯ ಪ್ರತಿ ಕೈಗೆ ಬರುವ ತನಕ ಹೊಸದನ್ನು ಬಿಡುತ್ತಿರಲಿಲ್ಲ.

“ಹಳೇದು ಕೊಡಿ, ಹೊಸ್ತು ತಕೊಳ್ಳಿ” ಎನ್ನುವುದು ದಿನಕ್ಕೆ ಹತ್ತು ಸಲ ಕೇಳಿಸುತ್ತಿತ್ತು.

ನೀಲಿ ಪ್ರತಿ ತೆಗೆಯಲು, ಬಟ್ಟೆಯ ಮೇಲಿನ ಗೆರೆ ಕಾಗದಕ್ಕೆ ಇಳಿಯಲು, ಬಿಸಿಲು ಬೇಕು. ಮಡಿಕೇರಿಯಲ್ಲಿ ಬಿಸಿಲು! ಗಾಜಿನ ಚೌಕಟ್ಟನ್ನು ಅಂಗಳಕ್ಕೆ ಹೊತ್ತು ತಂದು, ಮೋಡ ಸರಿಯುವುದನ್ನು ಕಾಯುತ್ತಾ, ಮಂಜು ಇಳಿದರೆ ಮತ್ತೆ ಒಳಗೆ ಹೊತ್ತು, ನನ್ನ ಮೊದಲ ಮಳೆಗಾಲ ಹಾಗೇ ಕಳೆಯಿತು. ಅಷ್ಟು ಕಷ್ಟಪಟ್ಟು ತೆಗೆದ ಪ್ರತಿಯನ್ನು ಮರುವಾರವೇ ಅವರು ರದ್ದು ಮಾಡಿ ನನ್ನ ಕಣ್ಣೆದುರೇ ಹರಿಯುತ್ತಿದ್ದರು. ಒಮ್ಮೆ ಕುಶಾಲನಗರದಿಂದ ಅರ್ಧ ನಕ್ಷೆ ಮಾತ್ರ ವಾಪಸು ಬಂತು. ಉಳಿದರ್ಧವನ್ನು ಗೆದ್ದಲು ತಿಂದಿತ್ತು. ಹಾಗೆಂದು ಬರೆದು ಸಹಿ ಹಾಕಿ ಕೊಡುವವರೆಗೆ ಸಾರ್ ಹೊಸದನ್ನು ಕೊಡಲಿಲ್ಲ.

ಪ್ರತಿಗಳನ್ನು ಉದ್ದನೆಯ ತಗಡಿನ ಕೊಳವೆಯಲ್ಲಿ ಸುತ್ತಿಟ್ಟು ಬಸ್ಸಿನಲ್ಲಿ ಸಾಗಿಸುವವಳೂ ನಾನೇ. ಅದನ್ನು ಹೆಗಲಿಗೆ ಹಾಕಿ ಹತ್ತಿದರೆ ಸಾಕು, “ಎಂತ, ಕೋವಿಯಾ?” ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಹೌದು, ಗುಂಡು ಹಾಕಿದ್ದೇನೆ, ನಮ್ಮ ಸಾರ್‌ಗೆ ಎಂದು ಹೇಳಬೇಕೆನಿಸುತ್ತಿತ್ತು.

ಚೆಟ್ಟಳ್ಳಿಯ ಕ್ಯಾಂಪಿನ ಹತ್ತಿರ, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಸ್ವಲ್ಪ ಈಚೆಗೆ, ಒಬ್ಬ ಮಲಯಾಳಿ ಹೆಂಗಸಿನ ಚಾಯದಂಗಡಿ ಇತ್ತು. ನಾವೆಲ್ಲ ಅವರನ್ನು ಅವರ ಭಾಷೆಯಲ್ಲೇ ಚೇಚಿ, ಅಕ್ಕ, ಎನ್ನುತ್ತಿದ್ದೆವು. ಗಂಡ ಇಲ್ಲ, ಅಂಗಡಿಯ ಹಿಂಭಾಗದಲ್ಲೇ ವಾಸ. ಬಸ್ಸು ಕಾಯುವಾಗ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಳ್ಳುತ್ತಿದ್ದರು. ಹೊಸ ರಸ್ತೆಯ ಗೆರೆ ಆ ಅಂಗಡಿಯ ಮೇಲೆಯೇ ಹಾದುಹೋಗಿತ್ತು. ಆ ವರ್ಷ ಎಂಜಿನಿಯರು ಬಂದು ನೋಡಿ ಗೆರೆಯನ್ನು ದಿಬ್ಬದ ಕಡೆಗೆ ಸರಿಸಿದರು. ಸಾರ್ ಕೆರೆದು ಕೊಟ್ಟ ಮೂಲದಲ್ಲಿ ಹೊಸ ಗೆರೆಗೆ ಶಾಯಿ ಎಳೆದವಳು ನಾನು. ಮುಂದಿನ ಸಲ ಹೋದಾಗ ಚೇಚಿಗೆ ವಿಷಯ ತಿಳಿಸಿದೆ. ಅವರು ನನ್ನ ಕೈ ಹಿಡಿದುಕೊಂಡು, ಮಗಳನ್ನು ಕರೆಯುವಂತೆ, “ಇನ್ನು ನಂಗೆ ನಿದ್ರೆ ಬರ್ತದೆ ಮೋಳೇ” ಎಂದರು.

ಹೊಸ ಪ್ರತಿ ಸಿದ್ಧವಾಗಿ ಸಾರ್ ಅವರ ಬೀರುವಿನಲ್ಲಿ ಕೂತಿತು. ಹಳೆಯದು ಚೆಟ್ಟಳ್ಳಿಯಿಂದ ಬರಲಿಲ್ಲ. ಅಲ್ಲಿನ ಓವರ್ಸಿಯರ್ ಕುಶಾಲನಗರದ ಕಡೆಯ ರೈತರ ಮನೆಯವರು, ಒಳ್ಳೆಯವರೇ. ನಕ್ಷೆಯನ್ನು ಮಡಿಕೇರಿಗೆ ಕಳಿಸಿ ಕೂತರೆ ಹೊಸದು ಬರುವ ತನಕ ಆಳುಗಳು ಏನು ಮಾಡಬೇಕು ಎಂದು ಅವರು ಹೇಳಿಕಳಿಸುತ್ತಿದ್ದರು. ಸಾರ್ ಹಳೆಯದು ಬರಲಿ ಎನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಹೊಸದನ್ನು ನಾನೇ ಒಯ್ದು, ಕೊಟ್ಟ ಕೈಯಲ್ಲೇ ಹಳೆಯದನ್ನು ಈಸಿಕೊಂಡು ಬರುತ್ತೇನೆ ಎಂದು ಕೇಳಿದೆ.

“ಎರಡೂ ಒಂದೇ ಕಡೆ ಒಂದು ಗಳಿಗೆನೂ ಇರೋದು ಬೇಡ” ಎಂದರು. “ಯಾವ್ದು ನೋಡಿ ಕೆಲಸ ಮಾಡ್ತಾರೆ ಅಂತ ಯಾರಿಗೆ ಗೊತ್ತುಟ್ಟು?”

ಅವರೆದುರು ಮಾತು ಬೆಳೆಸುವುದು ಗೋಡೆಗೆ ತಲೆ ಚಚ್ಚಿಕೊಂಡಂತೆ. ಇನ್ನೆರಡು ಸಲ ಕೇಳಿದೆ. ಅದೇ ಉತ್ತರ.

ಕಾಫಿ ಹಣ್ಣಾಗುತ್ತಿದ್ದ ಹೊತ್ತು. ಚೇಚಿ ಸಾಮಾನು ತರಲು ಸಂತೆಗೆ ಹೋಗಿದ್ದ ದಿನ, ಆಳುಗಳು ಕೈಯಲ್ಲಿದ್ದ ನಕ್ಷೆಯಂತೆ ಅಂಗಡಿಯ ಹಿಂಭಾಗವನ್ನು ಕೆಡವಿದರು. ಅಡುಗೆ ಗೋಡೆ ಹೋಯಿತು, ಒಲೆ ಹೋಯಿತು. ಗೆರೆ ಸರಿದದ್ದು ಗೊತ್ತಿದ್ದ ಓವರ್ಸಿಯರ್ ಮಧ್ಯಾಹ್ನ ಬಂದು ನಿಲ್ಲಿಸಿದ್ದರಿಂದ ಮುಂಭಾಗ ಉಳಿಯಿತು. ಸುದ್ದಿಯನ್ನು ಬಸ್ಸಿನ ಕಂಡಕ್ಟರ್ ಮರುದಿನ ಕಚೇರಿಗೆ ತಂದ. ಸಾರ್ ಬೀರು ತೆಗೆದು ಹೊಸ ಪ್ರತಿಯನ್ನು ಕೊಳವೆಗೆ ಹಾಕಿ, ಅದನ್ನು ತಾವೇ ಹೆಗಲಿಗೇರಿಸಿ, ನನಗೆ ಬಾ ಎಂದು ಸನ್ನೆ ಮಾಡಿದರು. ದಾರಿಯುದ್ದಕ್ಕೂ ನಾನು ಅವರ ಮುಖ ನೋಡಲಿಲ್ಲ. ನೋಡಿದ್ದರೆ ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ.

ಚೇಚಿ ಮಣ್ಣಿನ ಗುಡ್ಡೆಯ ಪಕ್ಕ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ನೋಡಿದರು, ಕರೆಯಲಿಲ್ಲ. ಓವರ್ಸಿಯರ್ ಹಳೆಯ ನಕ್ಷೆಯನ್ನು ತಂದು ಬಿಡಿಸಿ, ಇದರಲ್ಲಿ ಇದ್ದಂತೆಯೇ ಮಾಡಿದ್ದು ಎಂದರು. ಹಳೆಯದನ್ನು ಹಿಂದಿರುಗಿಸದವರು ಅವರೇ. ಎಲ್ಲವನ್ನೂ ಅವರ ತಲೆಗೆ ಕಟ್ಟಲು ಸಾರ್‌ಗೆ ಒಂದು ಮಾತು ಸಾಕಿತ್ತು. ಆಳುಗಳೆಲ್ಲ ಅದನ್ನೇ ಕಾಯುತ್ತಿದ್ದರು.

ಸಾರ್ ಚೇಚಿಯ ಮುಂದೆ ಹೋಗಿ ನಿಂತರು. “ಇವರ ತಪ್ಪಿಲ್ಲಮ್ಮ. ಹೊಸ ನಕ್ಷೆ ನನ್ನ ಕೈಲಿ ಇತ್ತು. ಈ ಹುಡುಗಿ ಮೂರು ಸಲ ಕೇಳಿದ್ಳು. ನಾನು ಕೊಡ್ಲಿಲ್ಲ.”

ಚೇಚಿ ತಲೆಯೆತ್ತಿ, “ನಿಮ್ಮ ಕಾಗದ ನಂಗೆ ಎಂತಕ್ಕೆ ಸಾರೇ?” ಎಂದರು. “ನಾಳೆ ಕಾಫಿ ಪಿಕಿಂಗಿನವರು ಚಾಯಕ್ಕೆ ಬರ್ತಾರೆ. ಒಲೆ ಎಲ್ಲಿ?”

ಆ ದಿನ ರಸ್ತೆ ಕೆಲಸ ನಿಂತಿತು. ಆಳುಗಳು ಗೋಡೆ ಎಬ್ಬಿಸಿದರು. ಒಲೆಯನ್ನು ಮಾತ್ರ ಸಾರ್ ಪಂಚೆ ಎತ್ತಿ ಕಟ್ಟಿ ತಾವೇ ಕಟ್ಟಲು ಕೂತರು. ದಾರ ಹಿಡಿದು, ಮೂಲೆ ನೋಡಿ, ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟಿ, ನೋಡುತ್ತಿದ್ದ ನಮ್ಮೆಲ್ಲರ ತಾಳ್ಮೆಯನ್ನು ಪರೀಕ್ಷಿಸಿದರು. ಕೊನೆಗೆ ಅದು ಪೆಟ್ಟಿಗೆಯಷ್ಟು ಚೌಕವಾಗಿ ಬಂತು. ಪಾತ್ರೆ ಮಾತ್ರ ಅದರ ಮೇಲೆ ಕೂರಲಿಲ್ಲ. ಅವರು ಬಸ್ಸು ಹತ್ತಿದ ಮೇಲೆ ಚೇಚಿ ಅದನ್ನು ಒಡೆದು ಮತ್ತೆ ಕಟ್ಟಿಕೊಂಡರಂತೆ. ನಾನು ಈ ವಿಷಯವನ್ನು ಸಾರ್‌ಗೆ ಹೇಳಲಿಲ್ಲ.

ಮೈಸೂರಿನ ಮೇಲಧಿಕಾರಿಗಳಿಗೆ ತಮ್ಮ ತಪ್ಪನ್ನು ಅವರೇ ತಿಳಿಸಿದರು. ಬರಬೇಕಿದ್ದ ಬಡ್ತಿ ಬರಲಿಲ್ಲ. ಮರುವಾರ ನನ್ನನ್ನು ಕರೆದು ಬೀರುವಿನ ಕೀಲಿಕೈಯನ್ನೂ ರದ್ದು ಮೊಹರನ್ನೂ ಮೇಜಿನ ಮೇಲಿಟ್ಟರು.

“ಇನ್ನು ಮೇಲೆ ಹೊಸ್ತು ನಾವೇ ಕೊಂಡೋಗಿ ಕೊಟ್ಟು, ಅಲ್ಲೇ ಹಳೇದಕ್ಕೆ ರದ್ದು ಒತ್ತಿ ತರ್ಬೇಕು. ತಡ ಆಗ್ತುಟ್ಟು ಅಂತ ಕಂಡ್ರೆ ನನ್ನ ಕೇಳ್ಬೇಡ. ನಾನು ಬೇಡ ಅಂದ್ರೂ ಹೋಗು.”

ಆಗ ಕಚೇರಿಯಲ್ಲಿ ಹೆಣ್ಣುಮಕ್ಕಳ ಕೈಗೆ ಯಾರೂ ಕೀಲಿ ಕೊಡುತ್ತಿರಲಿಲ್ಲ. ನನ್ನ ಕಣ್ಣು ತುಂಬಿತು. ಆಮೇಲೆ ತಿಳಿಯಿತು, ಮಡಿಕೇರಿಯಿಂದ ಹೊರಡುವ ಎಲ್ಲ ನಕ್ಷೆಗಳನ್ನೂ ಇನ್ನು ಹೊರಬೇಕಾದವಳು ನಾನೇ ಎಂದು. ಮಳೆ, ಜಿಗಣೆ, ಕೆಟ್ಟು ನಿಂತ ಬಸ್ಸು. ಅವರು ನಿವೃತ್ತರಾಗುವ ತನಕ ನಾನು ಅವರನ್ನು ಶಪಿಸದ ದಿನ ಕಡಿಮೆ. ಅವರ ಮಾತನ್ನು ಮೀರಿ ಹೋದದ್ದೂ ಉಂಟು. ಹಿಂದಿರುಗಿದಾಗ ಮುಖ ಊದಿಸಿಕೊಂಡಿರುತ್ತಿದ್ದರು; ಕೀಲಿಯನ್ನು ಮಾತ್ರ ವಾಪಸು ಕೇಳಲಿಲ್ಲ. ಮುಂದೆ ಅವರ ಕುರ್ಚಿಗೆ ನಾನು ಬಂದೆ. ಅಷ್ಟು ದೂರ ಬರುವ ಧೈರ್ಯ ನನಗೆ ಹುಟ್ಟಿದ್ದು ಕೀಲಿ ಕೈಗೆ ಬಂದ ಆ ದಿನ.

ಸಾರ್ ತಮ್ಮ ಊರಲ್ಲಿ ತೀರಿಕೊಂಡದ್ದು ಆಟಿ ತಿಂಗಳ ಜಡಿಮಳೆಯಲ್ಲಿ. ಗುಡ್ಡ ಕುಸಿದು ದಾರಿ ಕಟ್ಟಿತ್ತು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಳೆ ಬಿಟ್ಟ ಮೇಲೆ ಚೆಟ್ಟಳ್ಳಿಗೆ ಹೋದಾಗ ಚೇಚಿಗೆ ತಿಳಿಸಿದೆ. ಅವರು ಸೌದೆ ದೂಡುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು.

“ಇಲ್ಲಿ ರಸ್ತೆಗೆ ಅಂತ ಎಷ್ಟೋ ಮನೆ ಹೋಗಿದೆ ಮೋಳೇ” ಎಂದರು. “ಬಂದು, ನಂದು ತಪ್ಪು ಅಂತ ಹೇಳಿದ್ದು ಅವರೊಬ್ಬರೇ.”