ಹರಿದ ರೊಟ್ಟಿಯ ಪಾಲು

ರೊಟ್ಟಿಯ ಅಂಚು ಹೆಂಚಿಗೆ ಹತ್ತಿ ಸೀಯುವ ವಾಸನೆ ಬಂದರೆ, ನಾನು ಜಮಖಂಡಿಯ ನನ್ನ ರೊಟ್ಟಿ ಅಂಗಡಿಯಲ್ಲಿ ಇರುವುದಿಲ್ಲ; ಬನಹಟ್ಟಿಯ ಆ ಹಳೆಯ ಮನೆಯ ಒಲೆಯ ಮುಂದೆ ಕುಳಿತಿರುತ್ತೇನೆ. ಪಡಸಾಲೆಯಲ್ಲಿ ಕಾಕಾನ ಮಗ್ಗ ಬಡಿಯುತ್ತಿತ್ತು, ಅಡುಗೆಮನೆಯಲ್ಲಿ ಆಯಿಯ ಕೈ. ಆಯಿ ಎಂದರೆ ನನ್ನ ಅಜ್ಜಿ; ಕಾಕಾ ಅವಳ ಮಗ, ನನ್ನ ಚಿಕ್ಕಪ್ಪ. ಅವಳು ವಯಸ್ಸು ನೋಡಿ ಕಲಿಸಿದವಳಲ್ಲ, ಕೈ ನೋಡಿ ಕಲಿಸಿದವಳು. ನಾದುವ ಹದ ಸಿಕ್ಕವರಿಗೆ ಬಡಿಯುವುದು; ಬಡಿಯುವುದು ಬಂದವರಿಗೆ ಹೆಂಚು. ನನಗಿಂತ ಚಿಕ್ಕವಳಾದ ಕಾಕಾನ ಮಗಳು ಎಷ್ಟೋ ಮೊದಲೇ ಹೆಂಚಿನ ಮುಂದೆ ಕುಳಿತಳು. ನಾನು ಹಿಟ್ಟಿನಲ್ಲೇ ಉಳಿದೆ. ಬಡಿಯಲು ಬಿಟ್ಟ ಮೇಲೂ ನನ್ನ ರೊಟ್ಟಿ ನಡುವೆ ಹರಿಯುತ್ತಿತ್ತು.

ಆ ಮನೆಗೊಂದು ಕರಾರಿತ್ತು: ಕಲಿಯುವವಳ ರೊಟ್ಟಿಯನ್ನು ಎಲ್ಲರೂ ಪಾಲು ಮಾಡಿಕೊಂಡು ತಿನ್ನಬೇಕು, ದನಕ್ಕೆ ಹಾಕುವಂತಿಲ್ಲ. ಒಮ್ಮೆ ಹಸಿದು ಬಂದ ಕಾಕಾ ನನ್ನ ರೊಟ್ಟಿ ಎತ್ತಿ, ಅದರ ತೂತಿನೊಳಗಿಂದ ಆಯಿಯನ್ನು ನೋಡಿ, "ಯವ್ವಾ, ಇದರಾಗ ನೀ ಛಲೋ ಕಾಣ್ತಿ ನೋಡು. ಇಕಿನ್ನ ಒಲಿ ಮುಂದಿಂದ ಎಬ್ಬಿಸ್ತಿಯೋ ಇಲ್ಲೋ?" ಎಂದ. ನಾನು ಎದ್ದೇಬಿಟ್ಟಿದ್ದೆ. ಆಯಿ ನನ್ನ ಲಂಗ ಜಗ್ಗಿ ಕೂರಿಸಿ, "ನೀ ಮೊದಲ್ನೇ ಸಲ ನೇದ ಎಳಿ ತಪ್ಪಿದ ಸೀರಿ ಉಟ್ಟಾಕಿ ನಾನ. ಸುಮ್ಮ ಉಣ್ಣಲೇ," ಎಂದಳು. ಕಾಕಾ ಉಂಡ.

ಮೊನ್ನೆ ಮೊಮ್ಮಗಳ ಶಾಲೆಯಲ್ಲಿ ಪಾಲಕರ ಸಭೆಯಿತ್ತು. ಅಲ್ಲಿನ ಹೊಸ ಶಿಕ್ಷಕಿ, ನಮ್ಮ ಮಾತಿನಲ್ಲಿ ಅಕ್ಕೋರು, ಯಾವ ಮಗುವಿಗೆ ಎಷ್ಟು ಬರುತ್ತದೆಯೋ ಅಲ್ಲಿಂದಲೇ ಮುಂದೆ ಕಲಿಸುವವರು. ನಾಲ್ಕನೆಯ ತರಗತಿಯ ನನ್ನ ಮೊಮ್ಮಗಳು ಲೆಕ್ಕಕ್ಕೆ ಐದನೆಯವರ ಜೊತೆ ಕೂರುತ್ತಾಳೆ, ಓದಲು ಎರಡನೆಯವರ ಜೊತೆ. ಇದು ಅವಮಾನ, ನಂಬರು ಕೊಟ್ಟು ಮೊದಲಿನಂತೆ ಕಲಿಸಿ ಎಂದು ಪಾಲಕರು ಹಟ ಹಿಡಿದಿದ್ದರು. ಪಾಲಕರು ಒಪ್ಪದಿದ್ದರೆ ಅಕ್ಕೋರ ಪದ್ಧತಿ ಅಂದೇ ನಿಲ್ಲುತ್ತಿತ್ತು. ರೊಟ್ಟಿ ಕೊಳ್ಳುವ ಖಾನಾವಳಿಯವರೊಡನೆ ಚೌಕಾಸಿ ಮಾಡಿಯೇ ಬದುಕು ಕಟ್ಟಿದವಳು ನಾನು. ಎಲ್ಲವನ್ನೂ ಒಮ್ಮೆಗೇ ಕೇಳಿದರೆ ಏನೂ ಸಿಗುವುದಿಲ್ಲವೆಂದು ಬಲ್ಲೆ. ಆಯಿಯ ಕರಾರು ಹೇಳಿ, "ದೀಪಾವಳಿ ತನಾ ತಡೀರಿ. ಶನಿವಾರಕ್ಕೊಮ್ಮೆ ಬರ್ರಿ. ನಂಬರ್ ಕೇಳಬ್ಯಾಡ್ರಿ, ನಿನಗೇನು ಬರತೈತಿ ಮಾಡಿ ತೋರಸು ಅಂತ ಕೂಸಿಗೆ ಕೇಳ್ರಿ. ಅಕ್ಕೋರೊಬ್ರ ಕಲಿಸಿದ್ರ ಆಗೂದಿಲ್ಲ, ಹರಿದದ್ದನ್ನ ನಾವೂ ಉಣಬೇಕ್ರಿ," ಎಂದೆ. ಹಿಂದಿನಿಂದ ಮಗ್ಗದ ಮಾಲೀಕನೊಬ್ಬ, "ಪಲ್ಯಾ ನೀವ ತರ್ರಿ ಮತ್ತ," ಎಂದ. ಎಲ್ಲರೂ ನಕ್ಕು, ದೀಪಾವಳಿಯವರೆಗೆ ತಡೆಯಲು ಒಪ್ಪಿದರು. ನಿಮ್ಮ ಮನೆಯಲ್ಲೂ ಮಕ್ಕಳಿದ್ದರೆ ಇಂಥದೊಂದು ಗಡುವು ಕೊಟ್ಟು ನೋಡಿ, ಲುಕ್ಸಾನಿಲ್ಲ.

ಅಂದು ಅಂಗಡಿಗೆ ಬಂದು ಒಲೆ ಹಚ್ಚಿದಾಗ, ನನ್ನ ಕೈಯಲ್ಲಿ ಮೊದಲ ಸಲ ಹರಿಯದೆ ಎದ್ದ ರೊಟ್ಟಿ ನೆನಪಾಯಿತು. ಅದನ್ನು ಕಾಕಾನ ತಾಟಿಗೆ ನಾನೇ ಹಾಕಿದ್ದೆ. ಅವನು ತಿರುವಿ ತಿರುವಿ ನೋಡಿ, "ನನ್ನ ತೂತಿನ ರೊಟ್ಟಿ ಎಲ್ಲೈತಿಬೇ?" ಎಂದಿದ್ದ. ಆಯಿ ಹೋದಳು, ಕಾಕಾ ಹೋದ, ಮಗ್ಗ ಬಿಚ್ಚಿದರು, ಮನೆಯನ್ನೂ ಕೆಡವಿದರು. ಈಗ ನನ್ನ ಕೈಯಲ್ಲಿ ರೊಟ್ಟಿ ಹರಿಯುವುದು ಅಪರೂಪ. ಹರಿದರೆ ಅದನ್ನು ಮಾರುವ ಬುಟ್ಟಿಗೆ ಹಾಕುವುದಿಲ್ಲ. ಒಂದು ತಾಟಿನಲ್ಲಿ ಬೇರೆ ಇಡುತ್ತೇನೆ, ಯಾರೋ ಕೇಳಿಕೊಂಡು ಬರುವವರಿದ್ದಾರೆ ಎಂಬಂತೆ.