ಅಕ್ಕ ಸತ್ತು ನೋಡಿದ ಬುಧವಾರ

ನಮ್ಮ ಅಡುಗೆಮನೆಗಳಲ್ಲಿ ಯಾವುದೂ ಖಾಲಿಯಾಗುವುದಿಲ್ಲ, ನೀವೂ ಗಮನಿಸಿರಬಹುದು. ಡಬ್ಬಿಯ ತಳ ಕಂಡು, ಪಾವು ತಗಡನ್ನು ಕೆರೆಯುವ ಸದ್ದು ಬೀದಿಗೆ ಕೇಳಿಸುತ್ತಿದ್ದರೂ 'ಅಕ್ಕಿ ಇಲ್ಲ' ಎಂದು ಯಾರೂ ಬಾಯಿಬಿಡುವುದಿಲ್ಲ. 'ಅಕ್ಕಿ ಹೆಚ್ಚಿದೆ' ಎನ್ನುತ್ತೇವೆ. ದೀಪವನ್ನು ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಹೊರಟವರು 'ಹೋಗ್ತೀನಿ' ಎನ್ನುವಂತಿಲ್ಲ, 'ಹೋಗಿ ಬರ್ತೀನಿ' ಎನ್ನಬೇಕು. ತಪ್ಪಿ ಯಾರಾದರೂ ಕೆಟ್ಟ ಮಾತನ್ನು ಆಡಿಬಿಟ್ಟರೆ, 'ಬಿಡ್ತು ಅನ್ನು' ಎಂದು ಸುತ್ತಲಿದ್ದವರೆಲ್ಲ ಮೇಲೆ ಬೀಳುತ್ತಾರೆ. ಏಕೆಂದರೆ ನಮ್ಮ ತಲೆಯ ಮೇಲೆ ಸದಾ ಅಸ್ತು ದೇವತೆಗಳು ಸುಳಿದಾಡುತ್ತಿರುತ್ತಾರಂತೆ. ನಾವು ಏನೇ ಅಂದರೂ 'ಅಸ್ತು, ಹಾಗೇ ಆಗಲಿ' ಎನ್ನುವುದೊಂದೇ ಅವರ ಉದ್ಯೋಗವಂತೆ. ನಾನೂ ಈ ಶಾಸ್ತ್ರದಲ್ಲೇ ಬೆಳೆದವಳು. ಏಜೆನ್ಸಿಗೆ ಫೋನ್ ಮಾಡಿ 'ಗ್ಯಾಸ್ ಹೆಚ್ಚಿದೆ' ಎಂದು, 'ಹೆಚ್ಚಿದ್ರೆ ವಾಪಸ್ ಕಳ್ಸಿ ಮೇಡಂ' ಎಂದು ಹೇಳಿಸಿಕೊಂಡವಳು.

ಜಿಗಣಿಯಲ್ಲಿ ನಮ್ಮದೊಂದು ಅಡುಗೆ ಕಂಪನಿ ಇದೆ. ಕಂಪನಿ ಎಂದಕೂಡಲೇ ಗಾಜಿನ ಕಟ್ಟಡವನ್ನು ಕಲ್ಪಿಸಿಕೊಳ್ಳಬೇಡಿ. ಅಪ್ಪ ರೇಷ್ಮೆಹುಳು ಸಾಕುತ್ತಿದ್ದ ಶೆಡ್ ಮನೆಗೆ ಹೊಸ ಶೀಟು ಹೊದಿಸಿ, ಸಾಲಾಗಿ ಒಲೆಗಳನ್ನು ಹೂಡಿ, ಸುತ್ತಲಿನ ಕಾರ್ಖಾನೆಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತೇವೆ. ಹುಳುಗಳಿಗೆ ಸೊಪ್ಪು ಹಾಕಿದ ಮನೆಯಲ್ಲಿ ಈಗ ಮನುಷ್ಯರಿಗೆ ಸೊಪ್ಪಿನ ಸಾರು ಕುದಿಯುತ್ತದೆ. ಇದನ್ನು ಕಟ್ಟಿದವಳು ನನ್ನ ಅಕ್ಕ. ಕೆಲಸದವರಿಗೆ ಅವಳು ದೊಡ್ಡಕ್ಕ, ನಾನು ಚಿಕ್ಕಕ್ಕ. ಅವಳು ಹೋಗಿ ವರ್ಷವಾಗುತ್ತಾ ಬಂತು. ಹೋಗಿ ಬರುತ್ತೇನೆ ಎನ್ನದೆ ಹೋದಳು.

ಅದಕ್ಕೂ ಮೊದಲಿನ ಮಾತು. ನಮ್ಮ ಊಟ ತಿನ್ನುವ ಕಾರ್ಖಾನೆಗಳಲ್ಲಿ ದೊಡ್ಡದೊಂದು, ತನ್ನೊಡನೆ ವ್ಯವಹಾರ ಮಾಡುವವರೆಲ್ಲ ಬಿಸಿನೆಸ್ ಕಂಟಿನ್ಯುಟಿ ಪ್ಲ್ಯಾನ್ ಒಪ್ಪಿಸಬೇಕೆಂದು ತಾಕೀತು ಮಾಡಿತು. ಅಂದರೆ ಬೆಂಕಿ ಬಿದ್ದರೆ, ನೀರು ನಿಂತರೆ, ಗಾಡಿ ಕೆಟ್ಟರೆ, ಆಗಲೂ ಕೆಲಸ ನಿಲ್ಲದಂತೆ ಏನು ಮಾಡುತ್ತೀರಿ ಎಂಬುದನ್ನು ಮೊದಲೇ ಯೋಚಿಸಿಡುವುದು. ಪಿಯುಸಿಯ ಹೊಸ್ತಿಲು ದಾಟಿ ಅಲ್ಲೇ ಕೂತುಬಿಟ್ಟ ನಾನೇ ನಮ್ಮಿಬ್ಬರಲ್ಲಿ ವಿದ್ಯಾವಂತೆ. ಕಂಪ್ಯೂಟರ್ ಅಂಗಡಿಯಲ್ಲಿ ಕೂತು, ಬಣ್ಣದ ಬಾಣಗಳ ಗುರುತು ಹಾಕಿಸಿ, ಸುರುಳಿ ತಂತಿಯ ಬೈಂಡಿಂಗ್ ಮಾಡಿಸಿ, ಭವ್ಯವಾದೊಂದು ಪ್ಲ್ಯಾನ್ ತಯಾರಿಸಿದೆ. ನಮ್ಮ ಅಡುಗೆಮನೆಗೆ ತೊಂದರೆಯಾದರೆ ಹೆಬ್ಬಗೋಡಿಯ ಕಲ್ಯಾಣಮಂಟಪದ ಅಡುಗೆಮನೆಯನ್ನು ಬಳಸುವುದು ಎಂದೂ ಅದರಲ್ಲಿತ್ತು. ನನ್ನ ಮಟ್ಟಿಗೆ ಜಗತ್ತಿನ ಆಪತ್ತುಗಳೆಲ್ಲ ಅಲ್ಲಿಗೆ ತೀರಿದ್ದವು. ಅಕ್ಕ ಪುಟ ತಿರುವಿ, "ಚೆನ್ನಾಗಿದೆ ಕಣೆ. ನಡಿ, ಮಾಡಿ ನೋಡೋಣ" ಎಂದಳು.

ಪಾತ್ರೆಗಳನ್ನು ವ್ಯಾನಿಗೆ ಹೇರಿಕೊಂಡು ಹೆಬ್ಬಗೋಡಿಗೆ ಹೋದರೆ, ಮಂಟಪದ ಅಡುಗೆಮನೆಯಲ್ಲಿ ಸೂರು ಮುಟ್ಟುವಂತೆ ಪ್ಲಾಸ್ಟಿಕ್ ಕುರ್ಚಿ ಪೇರಿಸಿತ್ತು. ದೊಡ್ಡ ಒಲೆಯೊಳಗೆ ಕೋಳಿಯೊಂದು ಕಾವಿಗೆ ಕೂತಿತ್ತು. ಮಂಟಪದ ಯಜಮಾನರು ಸಂಕೋಚಪಡಲಿಲ್ಲ. "ಮೂರ್ತ ಇಲ್ದಾಗ ಯಾರ್ ಬತ್ತಾರೆ ಅಂತ ಬಿಟ್ಟಿದ್ದೆ ಕಣಮ್ಮ. ಒಂದ್ ನಾಕ್ ದಿನ ತಡ್ಕಳಿ, ಮರಿ ಆಯ್ತವೆ" ಎಂದರು. ಜಿಗಣಿ ತಲುಪುವವರೆಗೆ ಅಕ್ಕ ನಗುತ್ತಲೇ ಇದ್ದಳು. "ನಿನ್ನ ಪ್ಲ್ಯಾನ್ ಮೇಲೆ ಕೋಳಿ ಕಾವು ಕೂತಿದೆ" ಎಂದು ತಿಂಗಳುಗಟ್ಟಲೆ ಆಡಿಕೊಂಡಳು.

ಅಂದಿನಿಂದ ಅವಳಿಗೆ ಇದೊಂದು ಹುಚ್ಚಾಯಿತು. ಮೊದಮೊದಲು ಹೇಳಿ ಪರೀಕ್ಷೆ ಮಾಡುತ್ತಿದ್ದಳು. 'ನಾಳೆ ನೀರು ಬರಲ್ಲ ಅಂದ್ಕೊಳ್ಳಿ' ಎಂದರೆ ನಾವು ಹಿಂದಿನ ದಿನವೇ ಡ್ರಮ್ಮುಗಳನ್ನು ತುಂಬಿಟ್ಟು, ನೀರಿಲ್ಲದ ದಿನವನ್ನು ಜಲಸಮೃದ್ಧಿಯಲ್ಲಿ ಕಳೆಯುತ್ತಿದ್ದೆವು. ಅದನ್ನು ಕಂಡವಳೇ ಹೇಳದೆ ಶುರುಮಾಡಿದಳು. ಅನ್ನ ಅರೆಬೆಂದಿರುವಾಗ ಗ್ಯಾಸಿನ ವಾಲ್ವು ತಿರುಗಿಸಿ ಬಂದು, ಏನೂ ಅರಿಯದವಳ ಹಾಗೆ ಬೀನ್ಸು ಮುರಿಯುತ್ತಾ ಕೂರುತ್ತಿದ್ದಳು. ನಾವು ಬೈದುಕೊಳ್ಳುತ್ತಲೇ ಸೌದೆ ಒಲೆ ಹೊತ್ತಿಸುವುದನ್ನು ಕಲಿತೆವು.

ಒಂದು ಬುಧವಾರ ಬೆಳಿಗ್ಗೆ ಎಲ್ಲರನ್ನೂ ಕರೆದು, "ಇವತ್ತು ನಾನು ಸತ್ತಿದೀನಿ. ನನ್ನನ್ನ ಏನೂ ಕೇಳ್ಬೇಡಿ" ಎಂದಳು.

ನಮ್ಮ ಹಿರಿಯ ಅಡುಗೆಯವಳು ತೊಳಸಮ್ಮ ಸೌಟು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು. "ಬಿಡ್ತು ಅನ್ನಿ ದೊಡ್ಡಕ್ಕ! ಮೇಲ್ಗಡೆ ಅಸ್ತು ಅಂದ್ಬಿಟ್ರೆ ಏನ್ಮಾಡಾನ?"

"ಬೊಮ್ಮಸಂದ್ರದ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿರ್ತಾರೆ, ಬರೋಷ್ಟ್ರಲ್ಲಿ ಊಟ ಕಳ್ಸಿರ್ತೀವಿ, ನಡಿ" ಎಂದು ಅಕ್ಕ ಅಂಗಳದ ಹೊಂಗೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಕೈಯಲ್ಲಿ ಟೀ ಲೋಟ ಹಿಡಿದು, ನೆಮ್ಮದಿಯಾಗಿ ಸತ್ತಳು.

ಸ್ವಲ್ಪ ಹೊತ್ತಿಗೆ ತೊಳಸಮ್ಮ ಬಂದು ನಿಂತಳು. "ಸತ್ತಿದ್ರೂ ಒಂದ್ ಮಾತ್ ಏಳಿ ದೊಡ್ಡಕ್ಕ, ಒಸ ಸಾರಿನ ಪುಡಿ ಎಲ್ಲಿ ಮಡಗಿದೀರಿ?" ಅಕ್ಕ ಟೀ ಗುಟುಕರಿಸಿದಳು. "ಸತ್ತೋರು ಟೀ ಕುಡೀತಾರಾ?" ಮೃತಳು ಇನ್ನೊಂದು ಗುಟುಕು ಕುಡಿದಳು. ತೊಳಸಮ್ಮ ಗೊಣಗುತ್ತಾ ಹೋಗಿ ಪುಡಿಯನ್ನು ತಾನೇ ಹುಡುಕಿದಳು. ಅಡುಗೆ ಆಯಿತು, ರುಚಿಯೂ ಆಯಿತು, ವ್ಯಾನೂ ಹೊರಟಿತು. ಗೆದ್ದೆವು ಎಂದು ನಾನು ಸೆರಗಿನಲ್ಲಿ ಮುಖ ಒರೆಸಿಕೊಳ್ಳುವಷ್ಟರಲ್ಲಿ ಡ್ರೈವರ್ ಮುನಿರಾಜುವಿನ ಫೋನ್ ಬಂತು. ಕಾರ್ಖಾನೆಯ ಗೇಟಿನಲ್ಲಿ ಗಾಡಿ ಬಿಡಲು ಒಟಿಪಿ ಕೇಳುತ್ತಾರೆ. ಅದು ದೊಡ್ಡಕ್ಕನ ಫೋನಿಗೆ ಮಾತ್ರ ಬರುತ್ತದೆ. ಇಷ್ಟು ದಿನ ಅವಳು ಹೇಳುತ್ತಿದ್ದಳು, ಗೇಟು ತೆರೆಯುತ್ತಿತ್ತು, ನಾವ್ಯಾರೂ ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಅವಳ ಫೋನು ಅವಳ ಮಡಿಲಲ್ಲೇ ಟಿಂಗ್ ಎಂದಿತು. ನಾನು ಅಂಗಲಾಚಿದೆ, ಗದರಿದೆ. ಅವಳು ಹೊಂಗೆಮರವನ್ನು ಮೊದಲ ಸಲ ಕಂಡವಳಂತೆ ನೋಡುತ್ತಾ ಕೂತಳು. ಕೊನೆಗೆ ಕಾರ್ಖಾನೆಯ ಕ್ಯಾಂಟೀನಿನವರೇ ಗೇಟಿಗೆ ಬಂದು, ರೇಗಾಡಿಕೊಂಡು ಗಾಡಿಯನ್ನು ಒಳಗೆ ಬಿಡಿಸಿಕೊಂಡರು. ಸಂಜೆ ಪಾತ್ರೆಗಳು ಹಿಂದಿರುಗಿದ ಮೇಲೆ ಅಕ್ಕ ಕುರ್ಚಿಯಿಂದ ಎದ್ದು, ಮೈಮುರಿದು, "ಫೇಲು" ಎಂದಳು. ಮಾರನೆಯ ದಿನವೇ ನನ್ನ ನಂಬರನ್ನೂ ಗೇಟಿನಲ್ಲಿ ಬರೆಸಿದಳು.

ಅದಾಗಿ ಕೆಲವು ತಿಂಗಳಿಗೆ, ಒಂದು ಭಾನುವಾರ ಸಂಜೆ, ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದವಳು ಎದೆ ಹಿಡಿದುಕೊಂಡಳು. ಆಸ್ಪತ್ರೆಯವರೆಗೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಮನೆಯ ಮುಂದೆ ಶಾಮಿಯಾನ, ಅದರ ಕೆಳಗೆ ಅಕ್ಕ. ಸರ್ಜಾಪುರದಿಂದ ಬಂದ ಸೋದರಮಾವ ನನ್ನ ಪಕ್ಕ ಕೂತು ತಗ್ಗಿದ ದನಿಯಲ್ಲಿ, "ಸೂತಕದಾಗೆ ಒಲೆ ಹಚ್ಚಂಗಿಲ್ಲ ಕಣಮ್ಮ. ಊಟ ಇಲ್ಲ ಅಂತ ಫೋನ್ ಮಾಡ್ಬುಡು. ಇನ್ ಇದೆಲ್ಲ ನಿನ್ ಕೈಲಿ ಆಗಾಕಿಲ್ಲ, ಶೆಡ್ ಬಾಡಿಗೆಗೆ ಕೊಟ್ಬುಡು" ಎಂದರು. ಮಾವ ಕೆಟ್ಟವರಲ್ಲ, ನನ್ನ ಮುಖ ನೋಡಿ ಹಾಗೆಂದರು. ಆ ಮುಖ ನೋಡಿದ್ದರೆ ನೀವೂ ಹಾಗೇ ಅನ್ನುತ್ತಿದ್ದಿರಿ. ಆ ದಿನ ಒಲೆ ಉರಿಯದಿದ್ದರೆ ಅದು ಮತ್ತೆ ಉರಿಯುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಬೀದಿಯಲ್ಲಿ ನಮ್ಮ ವ್ಯಾನು ಬಂತು. ಶಾಮಿಯಾನದ ಎದುರು ನಿಧಾನಿಸಿತು, ಹಾರನ್ ಮಾಡಲಿಲ್ಲ, ಮುಂದೆ ಹೋಯಿತು. ಹಿಂದೆ ಹುಳಿಯ ಒಗ್ಗರಣೆಯ ವಾಸನೆ ಉಳಿಯಿತು. ಎರಡು ಬೀದಿ ಆಚೆಯ ಶೆಡ್ಡಿನಲ್ಲಿ ತೊಳಸಮ್ಮ ಯಾರನ್ನೂ ಕೇಳದೆ ಒಲೆ ಹೊತ್ತಿಸಿದ್ದಳು. ದೊಡ್ಡಕ್ಕ ಸತ್ತ ದಿನ ಯಾರನ್ನೂ ಏನೂ ಕೇಳಬಾರದೆಂದು ಅವಳಿಗೆ ಹೇಳಿಕೊಟ್ಟಿತ್ತಲ್ಲ.

ಆಮೇಲೆ ನನ್ನ ಮಡಿಲಲ್ಲಿ ಫೋನು ಟಿಂಗ್ ಎಂದಿತು. ಅಳುತ್ತಾ ಅಂಕಿ ಹೇಳುವುದು ಸುಲಭವಲ್ಲ. ಏಳು ಯಾವುದು ಎಂಟು ಯಾವುದು ಎಂದು ಕೇಳುವವರಿಗೆ ತಿಳಿಯುವುದಿಲ್ಲ. "ಇನ್ನೊಂದ್ ಸಲ ಹೇಳಿ ಮೇಡಂ" ಎಂದ ಗೇಟಿನವನು. ಅಕ್ಕನ ಪಾದದ ಬಳಿ ಕೂತು ಇನ್ನೊಂದು ಸಲ ಹೇಳಿದೆ. ಗೇಟು ತೆರೆಯಿತು.

ಅವಳ ಪರೀಕ್ಷೆಯಲ್ಲಿ ಕೊರತೆಯೇ ಇರಲಿಲ್ಲ ಎನ್ನಲಾರೆ. ಆ ಬುಧವಾರ ಸಂಜೆ ಅವಳು ಕುರ್ಚಿಯಿಂದ ಎದ್ದು ಬಂದಿದ್ದಳು. ಏಳದೆ ಇರುವ ಭಾಗವನ್ನು ನಾವು ಅಭ್ಯಾಸ ಮಾಡಿರಲಿಲ್ಲ.

ತಿಥಿಯ ಊಟದ ಪಂಕ್ತಿಯಲ್ಲಿ ಪಿಸುಮಾತು ಹಬ್ಬಿತು: "ಸಾಯೋ ಆಟ ಆಡ್ಬಾರ್ದಾಗಿತ್ತು, ಅಸ್ತು ಅಂದ್ಬಿಟ್ರು." ಎಲೆಯಿಂದ ಎಲೆಗೆ ಪಾಯಸಕ್ಕಿಂತ ಬೇಗ ಓಡಿದ ಈ ಮಾತು ಈಗಲೂ ಊರಲ್ಲಿ ಓಡಾಡುತ್ತಿದೆ. ಬಡಿಸುವ ಕೈ ನಿಲ್ಲಿಸಿ ಅಂದು ಕೇಳಲಾಗದ್ದನ್ನು ನಿಮ್ಮೆದುರು ಕೇಳುತ್ತೇನೆ. 'ನೂರು ವರ್ಷ ಬಾಳಮ್ಮ' ಎಂದು ಹಬ್ಬಹಬ್ಬಕ್ಕೂ ಅಕ್ಕನ ತಲೆ ಮೇಲೆ ಕೈಯಿಟ್ಟು ಹರಸಿದವರು ಇದೇ ನೆಂಟರು. ಆಗೆಲ್ಲ ಆ ದೇವತೆಗಳು ಯಾರ ಮನೆಯ ಊಟಕ್ಕೆ ಹೋಗಿದ್ದರು? ಕೆಟ್ಟದ್ದು ಕೇಳಿಸಿ ಒಳ್ಳೆಯದು ಕೇಳಿಸದ ಅರೆಕಿವುಡರಿಗೆ ಅಂಜಿ ನಾನೇಕೆ ಬಾಯಿಗೆ ಬೀಗ ಹಾಕಿಕೊಳ್ಳಲಿ? ಸಾವು ಕರೆದರೆ ಬರುವ, ಕರೆಯದಿದ್ದರೆ ಬಾರದ ನೆಂಟನಾಗಿದ್ದರೆ ಜಿಗಣಿಯಲ್ಲಿ ಸ್ಮಶಾನವೇ ಬೇಕಿರಲಿಲ್ಲ. ಅದು ಬರುವ ದಿನ ನಮ್ಮ ಕೈ ಎಲ್ಲಿ ನಡುಗುತ್ತದೆ ಎಂದು ಅಕ್ಕ ಮೊದಲೇ ನೋಡಿಟ್ಟಳು. ಅಷ್ಟು ಮಾಡಿದ್ದಕ್ಕೆ ಅವಳ ಸಾವನ್ನು ಅವಳ ತಲೆಗೇ ಕಟ್ಟಲು ನಾನು ಬಿಡುವುದಿಲ್ಲ.

ಆದ್ದರಿಂದ ಹೋದ ವಾರ, ಬುಧವಾರವೇ ಆಗಲಿ ಎಂದು ಹಟ ಹಿಡಿದು, ಹೊಂಗೆಮರದ ಕೆಳಗೆ ಅದೇ ಕುರ್ಚಿ ಹಾಕಿಸಿದೆ. ಈಗ ಗೇಟಿನಲ್ಲಿ ನನ್ನ ಜೊತೆಗೆ ತೊಳಸಮ್ಮನ ನಂಬರೂ ಇದೆ. "ಇವತ್ತು ನಾನು ಸತ್ತಿದೀನಿ" ಎಂದೆ.

ತೊಳಸಮ್ಮನ ಕಣ್ಣು ತುಂಬಿತು. "ಬಿಡ್ತು ಅನ್ನಿ ಚಿಕ್ಕಕ್ಕ. ಒಬ್ರು ಓಗಿದ್ದು ಸಾಲ್ದಾ ನಿಮ್ಗೆ? ಬಿಡ್ತು ಅನ್ನಿ." ನಾನು ಅನ್ನಲಿಲ್ಲ. ಅವಳು ಕಾದು ನೋಡಿ, ಮೂಗೊರೆಸಿಕೊಂಡು ಒಳಗೆ ಹೋದಳು. ಟೀ ಕುಡಿಯುವುದೂ ಒಂದು ಧೈರ್ಯದ ಕೆಲಸವೆಂದು ಕುರ್ಚಿಯಲ್ಲಿ ಕೂತ ಮೇಲೆ ತಿಳಿಯಿತು.

ವ್ಯಾನು ಹೊರಟ ಎಷ್ಟೋ ಹೊತ್ತಿನ ಮೇಲೆ, ನನ್ನ ಫೋನೂ ಒಳಗೆ ಅವಳ ಫೋನೂ ಟಿಂಗ್ ಎಂದವು; ನನ್ನದು ರಿಂಗಾಗಿ ನಿಂತಿತು, ಹಿಂದೆಯೇ ಅವಳದು ರಿಂಗಾಯಿತು. ಗೇಟಿನವನು ನನ್ನನ್ನು ಕೇಳಿರಬೇಕು. ತೊಳಸಮ್ಮ ಬಾಗಿಲಿಗೆ ಬಂದು ನನ್ನತ್ತ ನೋಡಿದಳು. ಅಕ್ಕಿ ಡಬ್ಬಿಯ ತಳ ಕಂಡರೂ 'ಇಲ್ಲ' ಎನ್ನದವಳು ಅವಳು. ನಾನು ತಲೆಯೆತ್ತಿ ಹೊಂಗೆಯ ಕೊಂಬೆಗಳನ್ನು ನೋಡುತ್ತಾ ಕೂತೆ. ಅಲ್ಲಿ ಯಾರಾದರೂ ಕೂತಿದ್ದರೆ ಕೇಳಿಸಿಕೊಳ್ಳಲಿ.

"ಚಿಕ್ಕಕ್ಕ ಇಲ್ಲ" ಎಂದಳು ತೊಳಸಮ್ಮ. ಆಮೇಲೆ ಇನ್ನೂ ಗಟ್ಟಿಯಾಗಿ, "ಇಲ್ಲ ಕಣಣ್ಣ, ನಾನಿವ್ನಿ. ನಂಬರ್ ಬರ್ಕಳಿ."